ಈಜು ಬಾರದೆಂಬ ಒಂದು ಮಾತು

ಚಿಕ್ಕಬಳ್ಳಾಪುರದ ಸಮೀಪದ ಹಳ್ಳಿಯವರಾದ, ಇಪ್ಪತ್ತೇಳು ವರ್ಷದ ಮಹಿಳೆಯೊಬ್ಬರು ತಮ್ಮ ದಾಂಪತ್ಯ ಮುರಿದುಬೀಳುತ್ತದೆಯೇನೋ ಎಂಬ ಆತಂಕದಿಂದ ನನ್ನಲ್ಲಿಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಪತಿ ಸ್ವಿಟ್ಜರ್‌ಲೆಂಡಿನವರು. ಮದುವೆಯಾದ ಮೇಲೆ ಮೊದಲ ಬಾರಿಗೆ ಬರ್ನ್ ನಗರದ ಅತ್ತೆಯ ಮನೆಗೆ ಹೋಗಿದ್ದಾಗ, ಮನೆಮಂದಿಯೆಲ್ಲ ಸೇರಿ ಥೂನ್‌ನಿಂದ ಬರ್ನ್‌ವರೆಗೆ ಆರೆ ನದಿಯಲ್ಲಿ ರಬ್ಬರ್ ದೋಣಿಗಳಲ್ಲಿ ತೇಲಿ ಬರುವುದೆಂದು ನಿಶ್ಚಯವಾಯಿತು. ಅಲ್ಲಿನವರಿಗೆ ಅದು ಬೇಸಿಗೆಯ ವಾಡಿಕೆ, ಮೂರು ಗಂಟೆಯ ಸಂತೋಷ. ಇವರಿಗೆ ಈಜು ಬಾರದು. ಆ ಮಾತನ್ನು ದಾಕ್ಷಿಣ್ಯದಿಂದ ಯಾರಿಗೂ ಹೇಳಲಿಲ್ಲ. ಉಟ್ಟಿಗೆನ್ ಬಳಿ ನೀರು ಅಲೆಯಾಗಿ ಏಳುವಲ್ಲಿ ದೋಣಿ ಜಿಗಿದಾಗ ಹಗ್ಗವನ್ನು ಬಿಗಿಹಿಡಿದು ಕಿರುಚಿದರು. ಉಳಿದವರು ನಕ್ಕರು. ದಡ ಸೇರಿದ ಮೇಲೂ ಬೆರಳುಗಳು ಬಿಚ್ಚಲಿಲ್ಲವಂತೆ. ಅತ್ತೆಯೇ ಒಂದೊಂದಾಗಿ ಬಿಡಿಸಿದರಂತೆ. ಅಂದಿನಿಂದ ಗಂಡ, "ಚಿಕ್ಕ ಮಕ್ಕಳೂ ಬರುತ್ತಾರೆ, ನಮ್ಮನ್ನು ನಂಬಲಿಲ್ಲವೇ?" ಎನ್ನುತ್ತಾರೆ, ಇವರು ಮೌನವಾಗಿದ್ದಾರೆ.

"ನನಗೇನಾದರೂ ಕಾಯಿಲೆಯಿದೆಯಾ ಮೇಡಂ?" ಎಂದು ಕೇಳಿದರು. ನೀರಿನ ಹಳೆಯ ನೆನಪೇನಾದರೂ ಇದೆಯೇ ಎಂದು ನಾನು ವಿಚಾರಿಸಿದೆ. ಬಹಳ ಹೊತ್ತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಕುಳಿತು, ಪಿಯುಸಿ ಓದುವಾಗ ಪಕ್ಕದ ಮನೆಯ ಹುಡುಗ ಕೃಷಿಹೊಂಡಕ್ಕೆ ಬಿದ್ದದ್ದನ್ನು ಹೇಳಿದರು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಆ ಹೊಂಡದ ಬದಿ ಜಾರುವುದರಿಂದ, ಬಿದ್ದವರು ಹತ್ತಿ ಬರಲಾರರು. ನಮ್ಮ ಜಿಲ್ಲೆಯ ರೈತ ಕುಟುಂಬಗಳಿಗೆ ಇದು ಗೊತ್ತಿರುವ ಸಂಗತಿ. ಪಾಲಾರ್, ಚಿತ್ರಾವತಿ, ಪಿನಾಕಿನಿಗಳು ಈ ಬೆಟ್ಟಗಳ ಆಸುಪಾಸಿನಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿಯನ್ನೇ ಕಾಣದೆ ಬೆಳೆದ ಹೆಣ್ಣುಮಗಳಿಗೆ, ಆಳದ ನೀರೆಂದರೆ ಮೊದಲು ನೆನಪಾಗುವುದು ಆ ಹೊಂಡವೇ.

ಇದು ಕಾಯಿಲೆಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಅವರ ಭಯಕ್ಕೆ ಗಟ್ಟಿಯಾದ ಆಧಾರವಿತ್ತು. ಹಿಮನದಿಗಳಿಂದಲೂ ನೀರು ಪಡೆಯುವ ಆರೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹಠಾತ್ತಾಗಿ ಬಿದ್ದವರಿಗೆ ಉಸಿರು ತಾನಾಗಿಯೇ ಸೆಳೆದುಕೊಳ್ಳುತ್ತದೆ, ಈಜು ಬಲ್ಲವರೂ ಆ ಕ್ಷಣದಲ್ಲಿ ತತ್ತರಿಸುತ್ತಾರೆ. ಅಷ್ಟೇ ಅಲ್ಲ, ಅಂದು ಮೂರು ದೋಣಿಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟಿದ್ದರು, ಇವರಿಗೆ ಜೀವರಕ್ಷಕ ಜಾಕೆಟ್ ಕೊಟ್ಟಿರಲಿಲ್ಲ. ಇವೆರಡೂ ಆ ದೇಶದ ಜೀವರಕ್ಷಣಾ ಸಂಸ್ಥೆಯ ನದಿ ನಿಯಮಗಳಿಗೆ ವಿರುದ್ಧ. ಕಟ್ಟಿದ ದೋಣಿಗಳನ್ನು ಬೇಕಾದ ಕಡೆಗೆ ತಿರುಗಿಸಲಾಗುವುದಿಲ್ಲ. ಇದನ್ನು ಕೇಳಿ ಅವರು ಅತ್ತುಬಿಟ್ಟರು.

ಎರಡನೆಯ ಭೇಟಿಗೆ ಪತಿಯನ್ನೂ ಕರೆಸಿದೆ. ಅವರು ಕೆಟ್ಟವರಲ್ಲ, ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ಆದರೂ ಕೇಳುವ ಹೊಣೆ ಹೆಚ್ಚಾಗಿ ಅವರದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರಊರಿನಲ್ಲಿ, ಹೊಸ ಸಂಬಂಧಿಕರ ನಡುವೆ ಸೊಸೆಯಾಗಿ ನಿಂತವಳಿಗೆ 'ಒಲ್ಲೆ' ಎನ್ನುವುದು ಸುಲಭವಲ್ಲ. ಹೊಂಡದ ಘಟನೆಯನ್ನು ಆಕೆ ಅಲ್ಲಿಯೇ ಅವರಿಗೆ ಮೊದಲ ಬಾರಿಗೆ ಹೇಳಿದರು. ಅವರು ತಲೆತಗ್ಗಿಸಿ, ಹುಡುಗನ ಹೆಸರೇನೆಂದು ಕೇಳಿದರು.

ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ಪ್ರವಾಸಕ್ಕೆ ಮೊದಲೇ ಈಜು ಬಾರದೆಂಬುದನ್ನು ಆಕೆಯೇ ಅತ್ತೆಗೆ ಬರೆದು ತಿಳಿಸಬೇಕು. ಗಂಡನ ಮೂಲಕ ಹೇಳಿಸಿದರೆ ಅದು ದೂರು ಹೇಳಿದಂತೆ ಕೇಳಿಸುತ್ತದೆ. ದೋಣಿಯೇರುವುದೋ, ದಡದ ಹಾದಿಯಲ್ಲಿ ನಡೆದು ಬರುವುದೋ ಎಂಬುದನ್ನು ಆ ದಿನ ಬೆಳಿಗ್ಗೆ ಆಕೆಯೇ ನಿರ್ಧರಿಸಬೇಕು, ಏರಿದರೆ ಜಾಕೆಟ್ ಹಾಕಿಕೊಂಡೇ ಏರಬೇಕು. ಈಜು ಕಲಿಯುವುದಾದರೆ ಅದು ಯಾರನ್ನೂ ಮೆಚ್ಚಿಸಲಿಕ್ಕಲ್ಲ, ಮೊದಲ ತಿಂಗಳು ಎದೆಮಟ್ಟದ ನೀರಿನಲ್ಲಿ ಉಸಿರು ಬಿಡುವುದಷ್ಟೇ ಸಾಕು. ಗಂಡ ಅಲ್ಲಿ ನಿಂತು ವಿಡಿಯೊ ಮಾಡಬಾರದು ಎಂದೂ ಹೇಳಿದೆ. ಆಕೆ ಕೇಳಿಕೊಂಡ ಒಂದೇ ಷರತ್ತು ಅದಾಗಿತ್ತು.

ಅತ್ತೆಗೆ ಬರೆದ ಪತ್ರದ ಕರಡನ್ನು ಆಕೆ ಕಳೆದ ವಾರ ತಂದು ತೋರಿಸಿದರು. ಕ್ಷಮೆ ಕೇಳಿದ್ದ ಮೊದಲ ಸಾಲನ್ನು ಅವರೇ ಹೊಡೆದುಹಾಕಿದ್ದರು.