ಇಲಿ ಬಿದ್ದ ಮನೆಯಿಂದ ಶುರು ಮಾಡಿ

ನಮಸ್ಕಾರ.

ಪ್ಲೇಗಿನ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಹತ್ತು ಪುಟದಲ್ಲಿ ಆರು ಪುಟ ಪುಣೆಗೇ ಹೋಗಿದೆ. 1897ರ ಜೂನ್‌ನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರಾಂಡ್‌ಗೆ ಗುಂಡಿಕ್ಕಿದ್ದು, ಅದೇ ವರ್ಷ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಜೈಲಾದದ್ದು ಓದುಗರಿಗೆ ಗೊತ್ತು. ಒಂದು ಪ್ಯಾರಾ ಸಾಕು. ಆಮೇಲೆ ಮೈಸೂರಿಗೆ ಹಾರಿ, 'ಬ್ರಿಟಿಷರು ಇಲ್ಲೂ ಅದೇ ದಬ್ಬಾಳಿಕೆ ನಡೆಸಿದರು' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನ ತಕರಾರು ಆ ಸಾಲಿನ ಮೇಲೆ. 1898ರಲ್ಲಿ ಇಲ್ಲಿ ಪ್ಲೇಗು ಕಾಲಿಟ್ಟಾಗ ಎಳೆಯ ರಾಜನ ಪರವಾಗಿ ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ, ದಿವಾನರು ಶೇಷಾದ್ರಿ ಅಯ್ಯರ್. ಬೆಂಗಳೂರು ದಂಡು (ಕಂಟೋನ್ಮೆಂಟು) ಮಾತ್ರ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲಿತ್ತು. ಪುಣೆಯವನ ಸಿಟ್ಟಿಗೆ ಎದುರಾಗಿ ಬಿಳಿಯ ದೊರೆ ನಿಂತಿದ್ದ. ನಮ್ಮವರ ಸಿಟ್ಟು ಯಾರ ಮೇಲೆ? ತಾಲ್ಲೂಕು ನೋಡಿಕೊಳ್ಳುವ ಅಮಲ್ದಾರರೂ ನಮ್ಮವರೇ, ಅರಮನೆಯೂ ನಮ್ಮದೇ. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ಮಂಡ್ಯದಲ್ಲಿ ಬಸ್ಸು ಹತ್ತಿದರೆ ಎಷ್ಟು ದೂರ? ಅದರ ಬಗ್ಗೆ ನಿಮ್ಮಲ್ಲಿ ಒಂದಕ್ಷರವಿಲ್ಲ. (ಹಾಗೆಯೇ, '1898ರ ಮಂಡ್ಯ ಜಿಲ್ಲೆ' ಅಂದಿದ್ದೀರಿ. ಜಿಲ್ಲೆ ಆದದ್ದು 1939ರಲ್ಲಿ. ಆಗ ಅದೆಲ್ಲ ಮೈಸೂರು ಜಿಲ್ಲೆ.)

'ಚಿಗಟದಿಂದ ಹರಡುತ್ತದೆಂದು ಗೊತ್ತಿದ್ದೂ ಪುಣೆಯಲ್ಲಿ ಜನರನ್ನು ಹಿಂಸಿಸಿದರು' ಎಂಬುದೂ ತಪ್ಪು. ವಿಜ್ಞಾನಿ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ರೋಗಾಣು ಕಂಡುಹಿಡಿದದ್ದು ನಿಜ. ಆದರೆ ಚಿಗಟದ ಮಾತನ್ನು ಫ್ರೆಂಚ್ ವೈದ್ಯ ಸಿಮೋಂ ಹೇಳಿದ್ದು 1898ರಲ್ಲಿ, ಕರಾಚಿಯಲ್ಲಿ. ಅದನ್ನೂ ಡಾಕ್ಟರುಗಳು ಕೆಲವು ವರ್ಷ ನಂಬಲಿಲ್ಲ. ಅಷ್ಟರವರೆಗೆ ಕ್ರಿಮಿ ಸಾಯಲೆಂದು ಕಾರ್ಬಾಲಿಕ್ ಆಸಿಡ್ ಎರಚಿದರು, ನೆಲ ಅಗೆದರು, ಹೆಂಚು ತೆಗೆದು ಬಿಸಿಲು ಬಿಟ್ಟರು. ಇಲಿ ಪಕ್ಕದ ಮನೆಗೆ ಹೋಯಿತು.

ಇನ್ನು ನಿಮ್ಮ ಅಜ್ಜಿ. ಅವರ ಮಾತನ್ನು ಕೊನೆಯ ಪುಟದಲ್ಲಿ, ಪ್ಲೇಗಮ್ಮನ ಪೂಜೆಯ ಜೊತೆಗೆ, 'ಮೂಢನಂಬಿಕೆಗಳು' ಅಂತ ತಲೆಬರಹ ಕೊಟ್ಟು ತುರುಕಿದ್ದೀರಿ: 'ಇಲಿ ಬಿತ್ತು ಅಂದ್ರೆ ಸಾಕು, ಒಲೆ ಮೇಲಿದ್ದ ಇಟ್ನೂ ಬುಟ್ಟು ವಲ್ದಲ್ಲಿ ಗುಡ್ಲಾಕಂತಿದ್ರು.' ಸ್ವಾಮಿ, ಇದು ಮೂಢನಂಬಿಕೆ ಹೇಗಾಗುತ್ತದೆ? ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಅಷ್ಟರೊಳಗೆ ಮನೆ ಖಾಲಿ ಮಾಡುವುದಕ್ಕಿಂತ ಒಳ್ಳೆಯ ಮದ್ದು ಆಗ ಇರಲಿಲ್ಲ. ಸರ್ಕಾರವೂ ಕೊನೆಗೆ ಊರು ಬಿಡಿಸುವ ದಾರಿಯನ್ನೇ ಹಿಡಿಯಿತು. ಜನ ತಾವಾಗಿ ಹೊಲಕ್ಕೆ ಹೋಗುವುದಕ್ಕೂ ಜವಾನ ಬಂದು ಸರ್ಕಾರದ ಶೆಡ್ಡಿಗೆ ಅಟ್ಟುವುದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಲೇಖನ. ವೈದ್ಯವೂ ರಾಜಕೀಯವೂ ಅದರಲ್ಲೇ ಇವೆ.

ಅಜ್ಜಿಯನ್ನು ಇನ್ನೊಮ್ಮೆ ಕೂರಿಸಿಕೊಂಡು ಕೇಳಿ. ಅದು ಅವರೇ ಕಂಡದ್ದೋ, ಅವರ ತಾಯಿ ಹೇಳಿದ್ದೋ? ಪ್ಲೇಗು ದಶಕಗಟ್ಟಲೆ ಮರಳಿ ಮರಳಿ ಬಂದಿತ್ತು, ಎರಡೂ ಆಗಬಹುದು. ಹೊಲದಲ್ಲಿ ಎಷ್ಟು ದಿನ ಇದ್ದರು, ದನಕರು ಏನಾದವು, ಸೂಜಿ ಹಾಕುವವರು ಬಂದಾಗ ಯಾರು ಓಡಿದರು, ಯಾರು ತೋಳು ಕೊಟ್ಟರು?

ನಾಲ್ಕು ಪುಟದೊಳಗೆ ಬರೆದು ಕಳಿಸಿ. ಅಜ್ಜಿಯ ಭಾಷೆಯನ್ನು ಮಾತ್ರ ತಿದ್ದಬೇಡಿ.