ಲ್ಯಾಪ್‌ಟಾಪ್ ಕೆಟ್ಟಿದೆ, ಒಳಗಿನ ಡೇಟಾ ಸಿಗುತ್ತಾ?

ಪ್ರಶ್ನೆ: ನಮ್ಮ ಮನೆಯ ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು. ಹೋದ ತಿಂಗಳು ಇದ್ದಕ್ಕಿದ್ದಂತೆ ಆಫ್ ಆಯಿತು, ಮತ್ತೆ ಆನ್ ಆಗಲೇ ಇಲ್ಲ. ಅಂಗಡಿಗೆ ಒಯ್ದರೆ ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ, ಒಳಗಿರೋದರ ಆಸೆ ಬಿಟ್ಟುಬಿಡಿ ಅಂದರು. ಅದರಲ್ಲಿ ನಮ್ಮ ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಊರಿನ ನೆನಪುಗಳಿವೆ, ನೂರೈವತ್ತು ಪುಟದಷ್ಟು. ಅಪ್ಪ ಈಗಿಲ್ಲ. ಬೇರೆಲ್ಲೂ ಕಾಪಿ ಇಲ್ಲ. ಏನಾದರೂ ದಾರಿ ಇದೆಯಾ? (ತೀರ್ಥಹಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಇದೆ. ದಯವಿಟ್ಟು ಆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಮದರ್‌ಬೋರ್ಡ್ ಬೇರೆ, ಹಾರ್ಡ್‌ಡಿಸ್ಕ್ ಬೇರೆ. ಬೋರ್ಡ್ ಸುಟ್ಟರೂ ಡಿಸ್ಕ್ ಚೆನ್ನಾಗೇ ಉಳಿಯುವುದು ಬಹಳ ಸಲ ನಡೆಯುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್ ಥರ ಚುಚ್ಚಿದರೆ ಒಳಗಿನದು ಕಾಣುತ್ತದೆ.

2016ರ ಲ್ಯಾಪ್‌ಟಾಪ್ ಅಂದರೆ ಒಳಗೆ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಇರುವ ಸಾಧ್ಯತೆ ಜಾಸ್ತಿ (ಸಾಟಾ ಅಂದರೆ ಡಿಸ್ಕನ್ನು ಕಂಪ್ಯೂಟರಿಗೆ ಸೇರಿಸುವ ಒಂದು ಬಗೆ). ಇಸ್ಪೀಟು ಕಟ್ಟಿಗಿಂತ ಸ್ವಲ್ಪ ಅಗಲ, ತೆಳ್ಳಗೆ, ಕೈಗೆ ತಣ್ಣಗೆ ತಾಗುವ ಲೋಹದ ಡಬ್ಬಿ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಬಿಚ್ಚುವಂಥದ್ದಾದರೆ ಅದನ್ನೂ ತೆಗೆಯಿರಿ. ಲ್ಯಾಪ್‌ಟಾಪನ್ನು ಮೆತ್ತನೆ ಬಟ್ಟೆ ಮೇಲೆ ಮಗುಚಿ ಹಾಕಿ. ಹಳೆಯ ಮಾಡೆಲ್‌ಗಳಲ್ಲಿ ಡಿಸ್ಕಿಗೆ ಅಂತಲೇ ಚಿಕ್ಕ ಮುಚ್ಚಳ ಇರುತ್ತದೆ, ಇಲ್ಲದಿದ್ದರೆ ಇಡೀ ತಳ ಬಿಚ್ಚಬೇಕು. ಬಿಚ್ಚಿದ ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ, ಯಾವುದು ಎಲ್ಲಿಂದ ಬಂತೋ ಅದೇ ಜಾಗದಲ್ಲಿ ಅಂಟಿಸಿಟ್ಟುಕೊಳ್ಳಿ, ಯಾಕೆಂದರೆ ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ಡಿಸ್ಕಿನ ಒಂದು ಅಂಚಿನಲ್ಲಿ ಅಕ್ಕಪಕ್ಕ ಎರಡು ಚಪ್ಪಟೆ ಕನೆಕ್ಟರ್ ಕಾಣುತ್ತವೆ, ಒಂದು ಗಿಡ್ಡ, ಒಂದು ಉದ್ದ. ಗಿಡ್ಡದರಲ್ಲಿ ಡೇಟಾ ಓಡಾಡುತ್ತದೆ, ಉದ್ದದ್ದು ಕರೆಂಟಿಗೆ. ಮೇಲಕ್ಕೆ ಎತ್ತಬೇಡಿ, ಕನೆಕ್ಟರಿನಿಂದ ನಿಧಾನ ಪಕ್ಕಕ್ಕೆ ಸರಿಸಿ ಬಿಡಿಸಿ.

ಈಗ ಬೇಕಾಗುವುದು ಸಾಟಾದಿಂದ ಯುಎಸ್‌ಬಿಗೆ ಸೇರಿಸುವ ಒಂದು ಕೇಬಲ್, ಇಲ್ಲವೇ ಡಿಸ್ಕ್ ಕೂರಿಸುವ ಎನ್‌ಕ್ಲೋಶರ್. ಕೆಲವು ನೂರು ರೂಪಾಯಿ ಅಷ್ಟೇ, ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಲ್ಲೂ ಸಿಗುತ್ತದೆ. ಲ್ಯಾಪ್‌ಟಾಪ್ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು, ಬೇರೆ ಅಡಾಪ್ಟರ್ ಬೇಡ. (ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್ ಆದರೆ 12 ವೋಲ್ಟ್ ಬೇಕು, ಅದಕ್ಕೆ ಅಡಾಪ್ಟರ್ ಸಮೇತ ಬರುವ ಕೇಬಲ್ ತಗೋಬೇಕು.)

ಚುಚ್ಚಿದ ಮೇಲೆ ವಿಂಡೋಸ್ ಎರಡು ಮಾತು ಕೇಳಬಹುದು. ಒಂದು, ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು ಅಂತ. ಇದಕ್ಕೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ, ಕ್ಯಾನ್ಸಲ್ ಒತ್ತಿ ಡಿಸ್ಕ್ ತೆಗೆದಿಡಿ. ಇನ್ನೊಂದು, ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ ಅಂತ. ಇದಕ್ಕೆ ಹೆದರಬೇಡಿ, ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಯೂಸರ್ಸ್ ಅನ್ನುವ ಫೋಲ್ಡರಿನೊಳಗೆ ಅಪ್ಪನ ಹೆಸರಿನದು ಇರುತ್ತದೆ, ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ನೋಡಿ. ಹಿರಿಯರು ಎಲ್ಲವನ್ನೂ ಡೆಸ್ಕ್‌ಟಾಪಿನಲ್ಲೇ ಇಟ್ಟಿರುತ್ತಾರೆ ಅಲ್ವಾ. ಮೊದಲು ಅಪ್ಪನ ಬರಹ ಕಾಪಿ ಮಾಡಿ, ಆಮೇಲೆ ಫೋಟೋ, ಕೊನೆಗೆ ವಿಡಿಯೋ. ಬರಹದ ಫೈಲುಗಳು ಪುಟ್ಟವು, ನಿಮಿಷದೊಳಗೆ ಬಂದುಬಿಡುತ್ತವೆ. ಮದುವೆ ವಿಡಿಯೋ ಕಾಪಿಗೆ ಹಾಕಿ ಅದು ಅರ್ಧದಲ್ಲಿ ನಿಂತು, ಡಿಸ್ಕೂ ಕೈಕೊಟ್ಟರೆ ಬೇಕಾದದ್ದೇ ಹೋಗುತ್ತದೆ.

48 ಅಂಕಿಯ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. 2016ರ ಮನೆಬಳಕೆಯ ಲ್ಯಾಪ್‌ಟಾಪಿನಲ್ಲಿ ಇದು ಅಪರೂಪ, ಈಚಿನವುಗಳಲ್ಲಿ ತಾನಾಗೇ ಆನ್ ಆಗಿರುತ್ತದೆ. ಆ ಕೀ ಅಪ್ಪನ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಹಾಗಾಗಿ ಅವರ ಇಮೇಲ್ ಮತ್ತು ಫೋನ್ ನಂಬರನ್ನು ಈಗಲೇ ಮುಚ್ಚಿಸಬೇಡಿ.

ಇನ್ನೊಂದು ಮಾತು, ಇದನ್ನು ನಿಮಗೆ ಹೇಳಲೇಬೇಕು. ಫೈಲ್ ಸಿಕ್ಕಿ ತೆರೆದಾಗ ಕನ್ನಡವೇ ಕಾಣದೆ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಎಳೆದ ಎ ಅಕ್ಷರ, ಹೀಗೆ ಪುಟ ತುಂಬ ಏನೇನೋ ಬರಬಹುದು. ಎದೆ ಧಸಕ್ಕೆನ್ನುತ್ತದೆ. ಆದರೆ ಫೈಲ್ ಕೆಟ್ಟಿಲ್ಲ. ಹಳೆಯ ನುಡಿ ಫಾಂಟುಗಳು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ನುಡಿ ತಂತ್ರಾಂಶ ಹಾಕಿಕೊಂಡರೆ ಅಪ್ಪ ಬರೆದದ್ದು ಹಾಗೇ ಕಾಣುತ್ತದೆ. ‘ಬರಹ’ ಅನ್ನುವ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದದ್ದಕ್ಕೂ ಇದೇ ಮಾತು, ಆ ತಂತ್ರಾಂಶ ಹಾಕಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಇಂಥ ಫೈಲುಗಳನ್ನು ವೈರಸ್ ತಿಂದಿದೆ ಅಂದುಕೊಂಡು ಅಳಿಸಿಬಿಟ್ಟಿರುತ್ತಾರೆ, ಕೇಳಿದಾಗ ಹೊಟ್ಟೆ ಉರಿಯುತ್ತದೆ. ಆಮೇಲೆ ನಿಧಾನಕ್ಕೆ ಯೂನಿಕೋಡಿಗೆ ಬದಲಿಸಿಕೊಳ್ಳಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಫೈಲ್ ಮುಟ್ಟದೆ ಕಾಪಿಯ ಮೇಲೆ ಮಾಡಿ. ಒತ್ತಕ್ಷರ, ಅರ್ಕಾವತ್ತು ಬರುವ ಕಡೆ ಒಮ್ಮೊಮ್ಮೆ ತಪ್ಪುತ್ತದೆ, ಕೂತು ಒಂದು ಸಲ ಓದಿ ಸರಿ ಮಾಡಬೇಕು.

ಪ್ರಶ್ನೆ: ಮಗ ಚಾರ್ಜರ್ ವೈರ್ ಎಡವಿ, ಆನ್ ಇದ್ದ ಲ್ಯಾಪ್‌ಟಾಪ್ ಮೇಜಿನಿಂದ ಬಿತ್ತು. ಡಿಸ್ಕ್ ಬಿಚ್ಚಿ ಯುಎಸ್‌ಬಿಗೆ ಹಾಕಿದರೆ ಟಿಕ್ ಟಿಕ್ ಅನ್ನುತ್ತದೆ, ಡ್ರೈವ್ ಕಾಣುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮುಚ್ಚಳ ಬಿಚ್ಚಿ ನೋಡಲಾ? (ಹಾವೇರಿಯಿಂದ ಒಬ್ಬ ಓದುಗರು)

ಉತ್ತರ: ಬೇಡ. ಎರಡೂ ಬೇಡ. ಮೊದಲು ವೈರ್ ತೆಗೆಯಿರಿ.

ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಅದನ್ನು ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಆ ಸಂದಿಯ ಮುಂದೆ ಒಂದು ಧೂಳಿನ ಕಣ ಅಂದರೆ ದೊಡ್ಡ ಬಂಡೆ. ಹೆಡ್ ತನ್ನ ಜಾಗ ಸಿಗದೆ ಹಿಂದೆ ಮುಂದೆ ಹೋಗಿ ಬರುವಾಗ ಆಗುವ ಸದ್ದು ಈ ಟಿಕ್ ಟಿಕ್. ಹೆಡ್ ಮುರಿದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದು ತಟ್ಟೆಯನ್ನು ಕೆರೆಯಬಹುದು, ಕೆರೆದು ಹೋದ ಡೇಟಾ ಯಾರ ಕೈಯಲ್ಲೂ ಬರುವುದಿಲ್ಲ. ಇನ್ನೊಂದು ಸಲ ನೋಡೋಣ ಅಂತ ಹತ್ತು ಸಲ ಚುಚ್ಚಿ ಡಿಸ್ಕ್ ಕಳೆದುಕೊಂಡವರೇ ಹೆಚ್ಚು. ಫ್ರೀಜರಿನಲ್ಲಿಟ್ಟು ತೆಗೆದರೆ ಒಳಗೆ ತೇವ ಕಟ್ಟುತ್ತದೆ, ಇದ್ದದ್ದೂ ಹೋಗುತ್ತದೆ.

ಇದು ಧೂಳಿಲ್ಲದ ಕ್ಲೀನ್‌ರೂಮಿನಲ್ಲಿ ಅದೇ ಮಾಡೆಲಿನ ಡಿಸ್ಕಿನ ಹೆಡ್ ಹಾಕಿ ಮಾಡುವ ಕೆಲಸ. ಖರ್ಚು ಸಾವಿರಗಳಲ್ಲಿ ಬರುತ್ತದೆ. ಕೊಡುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ಪರೀಕ್ಷೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು, ಯಾವ ಫೈಲುಗಳು ಸಿಕ್ಕವು ಅಂತ ದುಡ್ಡು ಕೊಡುವ ಮೊದಲು ಪಟ್ಟಿ ತೋರಿಸುತ್ತಾರಾ. ಡಿಸ್ಕನ್ನು ನೀವೇ ಮುಚ್ಚಳ ಬಿಚ್ಚಿ ಒಯ್ದರೆ ಅವರಿಗೂ ಕಷ್ಟ, ನಿಮಗೂ ನಷ್ಟ.

ಸದ್ದಿಲ್ಲ, ಡ್ರೈವ್ ಕಾಣುತ್ತದೆ, ಆದರೆ ಕಾಪಿ ಪದೇ ಪದೇ ನಿಲ್ಲುತ್ತದೆ ಅನ್ನುವವರ ಕಥೆ ಬೇರೆ. ಅವರು ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸಿ ಸರಿಮಾಡಲು ವಿಂಡೋಸಿನಲ್ಲೇ ಇರುವ ಸಾಧನ) ಓಡಿಸಬಾರದು, ಸೋತ ಡಿಸ್ಕಿನ ಮೇಲೆ ಅದು ಇನ್ನಷ್ಟು ಭಾರ ಹಾಕುತ್ತದೆ. ಲಿನಕ್ಸ್ ಗೊತ್ತಿರುವ ಗೆಳೆಯರಿದ್ದರೆ ಡಿಡಿರೆಸ್ಕ್ಯೂ ಬಳಸಲು ಹೇಳಿ. ಅದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಬಂತು ಅಂತ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ ನಾಳೆ ಮುಂದುವರಿಸಲೂಬಹುದು.

ಪ್ರಶ್ನೆ: ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಇರುವ ಲ್ಯಾಪ್‌ಟಾಪಿನಲ್ಲಿ ಫೋಟೋ ಫೋಲ್ಡರ್ ಡಿಲೀಟ್ ಆಗಿದೆ, ರಿಸೈಕಲ್ ಬಿನ್ನೂ ಖಾಲಿ ಮಾಡಿಬಿಟ್ಟೆ. ರಿಕವರಿ ಸಾಫ್ಟ್‌ವೇರ್ ಹಾಕಲಾ? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ಎಸ್‌ಎಸ್‌ಡಿ ಆದರೆ ಸಿಗುವ ಸಾಧ್ಯತೆ ಕಡಿಮೆ, ಸುಳ್ಳು ಭರವಸೆ ಕೊಡಲಾರೆ. ಫೈಲ್ ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಅನ್ನುವ ಆದೇಶ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತನ್ನಷ್ಟಕ್ಕೆ ಒರೆಸಿಕೊಳ್ಳುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಉಚಿತವಾಗಿ ಸಿಗುವ ಫೋಟೋರೆಕ್‌ನಿಂದ ಬಹಳಷ್ಟು ವಾಪಸ್ ತರಬಹುದಿತ್ತು, ಫೈಲ್ ಹೆಸರುಗಳು ಮಾತ್ರ ಹೋಗುತ್ತವೆ. ಆಗಲೂ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಬಾರದು, ಸಿಕ್ಕ ಫೋಟೋಗಳನ್ನು ಅಲ್ಲೇ ಉಳಿಸಲೂಬಾರದು.

ಅದಕ್ಕೂ ಮುಂಚೆ ಬ್ರೌಸರಿನಲ್ಲಿ ನಿಮ್ಮ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ತೆರೆಯಿರಿ. ಆ ಫೋಲ್ಡರ್ ಅಲ್ಲಿಗೆ ಸಿಂಕ್ ಆಗುತ್ತಿದ್ದರೆ ಅಲ್ಲಿಯ ರಿಸೈಕಲ್ ಬಿನ್ ಬೇರೆಯೇ ಇರುತ್ತದೆ, ಸ್ವಂತ ಖಾತೆಯಲ್ಲಿ 30 ದಿನ ಇಟ್ಟುಕೊಂಡಿರುತ್ತದೆ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆಗಿದ್ದ ಫೋಟೋ ಅಳಿಸಿದರೆ 60 ದಿನ ಟ್ರ್ಯಾಶಿನಲ್ಲಿರುತ್ತದೆ. ದಿನ ಲೆಕ್ಕ ಹಾಕುತ್ತಾ ಕೂರಬೇಡಿ, ಇವತ್ತೇ ನೋಡಿ.