ಗದರಿಸಿದಷ್ಟೂ ಸುಳ್ಳು ಹೆಚ್ಚುತ್ತಿದೆ

ಪ್ರಶ್ನೆ: 9 ವರ್ಷದ ಮಗ ಸಣ್ಣಪುಟ್ಟದ್ದಕ್ಕೂ ಸುಳ್ಳು ಹೇಳುತ್ತಾನೆ, ಮೊನ್ನೆ ಮುರಿದ ಪೆನ್ಸಿಲ್ ಡಬ್ಬಿಯನ್ನು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ. ನಾನು ಕಟ್ಟುನಿಟ್ಟಿನವನು, ಪತ್ನಿ ಎಲ್ಲದಕ್ಕೂ ಹೂಂ ಎನ್ನುವವಳು. ಯಾರ ರೀತಿ ಸರಿ?

ಉತ್ತರ: ಡಬ್ಬಿ ಮುರಿದದ್ದಕ್ಕಿಂತ ಅದನ್ನು ಬಚ್ಚಿಟ್ಟದ್ದು ಗಮನಿಸಬೇಕಾದ ಸಂಗತಿ. ಶಿಕ್ಷೆಯ ಭಯ ಅತಿಯಾದಲ್ಲಿ ಮಗು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಸಿಕ್ಕಿಬೀಳದಿರುವ ಉಪಾಯವನ್ನೇ ಬೇಗ ಕಲಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಪಾಲನೆಯ ಮೂರು ಬಗೆಗಳನ್ನು ಗುರುತಿಸಿದರು: ಕಾರಣ ಹೇಳದೆ ಆಜ್ಞಾಪಿಸುವುದು, ಮಿತಿ ಹಾಕದೆ ಮುದ್ದಿಸುವುದು, ಅಕ್ಕರೆಯ ಜೊತೆಗೇ ಸ್ಪಷ್ಟ ನಿಯಮಗಳನ್ನಿಟ್ಟು ಅವುಗಳ ಕಾರಣವನ್ನೂ ವಿವರಿಸುವುದು. ಎಲೀನರ್ ಮಕೋಬಿ ಮತ್ತು ಜಾನ್ ಮಾರ್ಟಿನ್ 1983ರಲ್ಲಿ ನಿರ್ಲಕ್ಷ್ಯವನ್ನು ನಾಲ್ಕನೆಯದಾಗಿ ಸೇರಿಸಿದರು. ಮೂರನೆಯ ಬಗೆಯಲ್ಲಿ ಬೆಳೆದ ಮಕ್ಕಳಲ್ಲಿ ಸಂಯಮ ಮತ್ತು ಆತ್ಮವಿಶ್ವಾಸ ಹೆಚ್ಚಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆಯಾದರೂ, ಮಗುವಿನ ಹುಟ್ಟುಸ್ವಭಾವವೂ ಪೋಷಕರ ವರ್ತನೆಯನ್ನು ರೂಪಿಸುವುದರಿಂದ ಎಲ್ಲ ಹೊಣೆಯನ್ನೂ ನಿಮ್ಮ ತಲೆಗೇ ಕಟ್ಟಲಾಗದು.

ನಿಮ್ಮಿಬ್ಬರ ರೀತಿಯೂ ಅರೆಬರೆಯೇ. ಅಪ್ಪ ಬೇಡವೆಂದದ್ದನ್ನು ಅಮ್ಮ ಒಪ್ಪುವ ಮನೆಯಲ್ಲಿ ಮಗು ನಿಯಮವನ್ನಲ್ಲ, ಯಾರನ್ನು ಯಾವಾಗ ಕೇಳಬೇಕೆಂಬುದನ್ನು ಕಲಿಯುತ್ತದೆ (ಮಕ್ಕಳು ಇದರಲ್ಲಿ ಬಲು ಚುರುಕು). ಆದ್ದರಿಂದ ಮೊದಲು ನೀವಿಬ್ಬರೂ ಮಗನಿಲ್ಲದಾಗ ಕುಳಿತು ಎರಡು ಮೂರು ನಿಯಮಗಳನ್ನು ಮಾತ್ರ ಒಪ್ಪಿಕೊಳ್ಳಿ. ಉತ್ತರ ಗೊತ್ತಿದ್ದೂ "ಯಾರು ಮುರಿದದ್ದು?" ಎಂದು ಕೇಳುವುದು ಸುಳ್ಳಿಗೆ ಕರೆಕೊಟ್ಟಂತೆ, ಅದರ ಬದಲು "ಡಬ್ಬಿ ಮುರಿದಿದೆ, ಈಗ ಹೇಗೆ ಸರಿಮಾಡೋಣ?" ಎನ್ನಿ. ನಿಜ ಹೇಳಿದ ದಿನ ಬೈಗುಳವಿರಬಾರದು, ಆದರೆ ಅಂಟು ಹಚ್ಚುವ ಕೆಲಸ ಅವನದೇ ಆಗಿರಲಿ.